ಏಕೆ ಎಂಬ ಪ್ರಶ್ನೆ: ಆರೋಗ್ಯ ಸಮಾನತೆಗಾಗಿ ಕಥನ ಮತ್ತು ಸಂಘಟನೆ

ಕರಾವಳಿಯಿಂದಲೂ ಕಲಬುರಗಿ, ರಾಯಚೂರು ಜಿಲ್ಲೆಗಳ ಕಡೆಯಿಂದಲೂ ಮುಂಬಯಿಗೆ ಹೊರಡುವ ಕನ್ನಡಿಗರಲ್ಲಿ ಅನೇಕರಿಗೆ ಆ ಮಹಾನಗರದ ಪರಿಚಯ ಆರಂಭವಾಗುವುದು ಕುರ್ಲಾದಿಂದ. 1998ರಲ್ಲಿ ಕೊಂಕಣ ಮಾರ್ಗದಲ್ಲಿ ಓಡಾಟ ಆರಂಭಿಸಿದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮಂಗಳೂರಿನಿಂದ ಹೊರಟು ಬಂದು ನಿಲ್ಲುವುದು ಇಲ್ಲಿನ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಕೊಯಮತ್ತೂರಿನಿಂದ ಬೆಂಗಳೂರು, ರಾಯಚೂರು, ಕಲಬುರಗಿಗಳ ಮೂಲಕ ಇದೇ ನಿಲ್ದಾಣವನ್ನು ಸೇರುವ ಗಾಡಿಯು ಜನರ ಬಾಯಲ್ಲಿ ‘ಕುರ್ಲಾ ಎಕ್ಸ್‌ಪ್ರೆಸ್’ ಆಗಿಯೇ ಉಳಿದಿದೆ. ಬೃಹನ್ಮುಂಬಯಿ ಮಹಾನಗರಪಾಲಿಕೆಯ ಲೆಕ್ಕದಲ್ಲಿ ಕುರ್ಲಾ ‘ಎಲ್’ ವಾರ್ಡ್ ಎನಿಸಿಕೊಂಡಿದೆ. 2011ರ ಜನಗಣತಿಯಂತೆ ಈ ಒಂದು ವಾರ್ಡಿನಲ್ಲಿಯೇ ಸುಮಾರು 9 ಲಕ್ಷ ಜನರಿದ್ದರು. ಒಂದು ಕಡೆ ನೆಹರೂ ನಗರದ ಗೃಹಮಂಡಲಿ ಕಟ್ಟಡಗಳು, ಮಿಠಿ ನದಿಯ ಆಚೆಗೆ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಮಹಡಿಗಳು; ಇನ್ನೊಂದು ಕಡೆ ನದಿಯ ದಡಕ್ಕೇ ಅಂಟಿಕೊಂಡ ಕ್ರಾಂತಿ ನಗರದ ಓಣಿಗಳು, ಸಣ್ಣ ಕಾರ್ಖಾನೆಗಳೂ ವಾಸದ ಕೋಣೆಗಳೂ ಒಂದರೊಳಗೊಂದು ಸೇರಿಹೋಗಿರುವ ಜರಿಮರಿ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದಾಗ ಮಿಠಿಯ ದಡದ ಈ ವಸತಿಗಳು ಮುಳುಗಿದವು. ನೀರು ಇಳಿದ ಬಳಿಕ ನಗರದಲ್ಲಿ ಇಲಿಜ್ವರ ಹರಡಿತು.

ಪ್ರವಾಹ ಎಲ್ಲರ ಮೇಲೂ ಬಂದಿತು. ಕಾಯಿಲೆ ಎಲ್ಲರಿಗೂ ಸಮನಾಗಿ ಬರಲಿಲ್ಲ. ಆರೋಗ್ಯ ಸಮಾನತೆ ಎಂಬ ಮಾತಿನ ಅರ್ಥವನ್ನು ಇಲ್ಲಿಂದಲೇ ತಿಳಿಯಬಹುದು. ವಯಸ್ಸಾದವರಿಗೆ ಕಾಯಿಲೆ ಹೆಚ್ಚು, ಎಳೆಯರಿಗೆ ಕಡಿಮೆ ಎಂಬುದು ವ್ಯತ್ಯಾಸವೇ ಹೊರತು ಅಸಮಾನತೆಯಲ್ಲ. ಆದರೆ ಒಂದೇ ವಾರ್ಡಿನ ಒಂದು ಮಗು ಶುದ್ಧ ನೀರು ಕುಡಿದು ಬೆಳೆಯುತ್ತದೆ. ಇನ್ನೊಂದು ಮಗು ಮಳೆಗಾಲ ಬಂದಾಗಲೆಲ್ಲ ವಾಂತಿ ಭೇದಿಯಿಂದ ನವೆಯುತ್ತದೆ. ಇದನ್ನು ತಪ್ಪಿಸಲು ಸಾಧ್ಯವಿದ್ದೂ ತಪ್ಪಿಸದೆ ಬಿಟ್ಟಾಗ ಅದು ಅಸಮಾನತೆಯಾಗುತ್ತದೆ. ಇದನ್ನು ಹೋಗಲಾಡಿಸಲು ಆಸ್ಪತ್ರೆ, ಔಷಧ, ವೈದ್ಯರು ಬೇಕೇ ಬೇಕು. ಇವುಗಳ ಜೊತೆಗೆ, ತೊಂದರೆಗೆ ಒಳಗಾದವರೇ ತಮ್ಮ ಅನುಭವವನ್ನು ಕಥೆಯಾಗಿ ಹೇಳಿ, ಅದರಿಂದ ಕಾರಣವನ್ನು ಹುಡುಕಿ, ಒಟ್ಟಾಗಿ ಪರಿಹಾರಕ್ಕೆ ಹೊರಡುವ ಕ್ರಮವೊಂದು ಕಳೆದ ಕೆಲವು ದಶಕಗಳಲ್ಲಿ ರೂಪುಗೊಂಡಿದೆ.

ಕಥೆಯ ಮೂಲಕ ಆರೋಗ್ಯ ಶಿಕ್ಷಣ ಎಂಬುದು ನಮ್ಮಲ್ಲಿ ಹೊಸತೇನಲ್ಲ. ಕಲಾ ಜಾಥಾ, ಬೀದಿ ನಾಟಕ, ಗೀಗೀ ಪದ, ಹರಿಕಥೆಗಳ ಮೂಲಕ ಮಲೇರಿಯಾ, ಕುಷ್ಠ, ಕುಟುಂಬ ಯೋಜನೆಗಳ ವಿಷಯವನ್ನು ಹಳ್ಳಿಹಳ್ಳಿಗೂ ತಲಪಿಸಲಾಗಿದೆ. ಆದರೆ ಅಲ್ಲಿ ಹೇಳುವವರು ಒಬ್ಬರು, ಕೇಳುವವರು ಹಲವರು. ಕಥೆಯ ಕೊನೆಯಲ್ಲಿ ಬರುವ ಬುದ್ಧಿಮಾತು ಮೊದಲೇ ನಿಶ್ಚಿತವಾದದ್ದು. ಹೊಸ ಕ್ರಮದಲ್ಲಿ ಕಥೆಯ ಕೊನೆ ನಿಶ್ಚಿತವಾಗಿರುವುದಿಲ್ಲ. ಅದನ್ನು ಕಂಡುಕೊಳ್ಳಬೇಕಾದವರು ಕುಳಿತು ಕೇಳುತ್ತಿರುವವರೇ.

ಈ ಕ್ರಮಕ್ಕೆ ಮೊದಲ ದೃಢವಾದ ಆಧಾರ ದೊರೆತದ್ದು ನೇಪಾಳದ ಮಕ್ವಾನ್‌ಪುರ ಜಿಲ್ಲೆಯಲ್ಲಿ. ಅಲ್ಲಿ ಹಳ್ಳಿಯ ಮಹಿಳೆಯರ ಗುಂಪುಗಳು ತಿಂಗಳಿಗೊಮ್ಮೆ ಸೇರಿ, ಸ್ಥಳೀಯ ಮಹಿಳೆಯೊಬ್ಬಳ ನೆರವಿನಿಂದ ಬಸಿರು, ಹೆರಿಗೆ, ಬಾಣಂತನಗಳ ಕಷ್ಟಗಳನ್ನು ಚರ್ಚಿಸಿದವು. ಈಕೆ ನರ್ಸ್ ಅಲ್ಲ, ಸೂಲಗಿತ್ತಿಯೂ ಅಲ್ಲ. ಮಾತುಕತೆಯನ್ನು ಮುನ್ನಡೆಸುವುದಷ್ಟೇ ಆಕೆಯ ಕೆಲಸ. ಗುಂಪುಗಳು ತುರ್ತಿಗೆಂದು ಹಣ ಕೂಡಿಟ್ಟವು, ಗರ್ಭಿಣಿಯನ್ನು ಹೊತ್ತೊಯ್ಯಲು ಡೋಲಿಯ ವ್ಯವಸ್ಥೆ ಮಾಡಿದವು, ಹೆರಿಗೆಗೆ ಬೇಕಾದ ಶುದ್ಧ ಸಾಮಗ್ರಿಯ ಕಟ್ಟುಗಳನ್ನು ಸಿದ್ಧಪಡಿಸಿದವು. 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗುಂಪುಗಳಿದ್ದ ಪ್ರದೇಶದಲ್ಲಿ ನವಜಾತ ಶಿಶು ಮರಣ ಪ್ರಮಾಣವು ಸಾವಿರಕ್ಕೆ 26.2 ಇದ್ದರೆ, ಇಲ್ಲದ ಪ್ರದೇಶದಲ್ಲಿ 36.9 ಇತ್ತು. ಬಳಿಕ ಭಾರತದಲ್ಲಿ ‘ಏಕ್‌ಜುಟ್’ ಎಂಬ ಸಂಸ್ಥೆಯು ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ, ಮುಖ್ಯವಾಗಿ ಆದಿವಾಸಿಗಳ ನಡುವೆ, 2005ರಿಂದ 2008ರವರೆಗೆ ಇದೇ ಕೆಲಸ ಮಾಡಿತು. ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ನವಜಾತ ಶಿಶು ಮರಣವು ಶೇಕಡಾ 32ರಷ್ಟು, ಕೊನೆಯ ಎರಡು ವರ್ಷಗಳಲ್ಲಿ ಶೇಕಡಾ 45ರಷ್ಟು ಕಡಿಮೆಯಿತ್ತು. ಈ ಇಳಿಕೆಯು ಎಲ್ಲರಿಗಿಂತ ಹೆಚ್ಚಾಗಿ ಕಂಡುಬಂದದ್ದು ಅತ್ಯಂತ ಹಿಂದುಳಿದ ಕುಟುಂಬಗಳಲ್ಲಿ. ಸಮಾನತೆಯ ದೃಷ್ಟಿಯಿಂದ ಇದೇ ಹೆಚ್ಚು ಮಹತ್ವದ್ದು. ಏಕೆಂದರೆ ಸಾಮಾನ್ಯವಾಗಿ ಹೊಸ ಸೌಲಭ್ಯವೊಂದು ಬಂದಾಗ ಅದರ ಲಾಭ ಮೊದಲು ದೊರೆಯುವುದು ಓದಿದವರಿಗೆ, ಅನುಕೂಲಸ್ಥರಿಗೆ.

ಗುಂಪಿನ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೊದಲ ಕೆಲವು ಸಭೆಗಳಲ್ಲಿ ಅಕ್ಷರಗಳಿಲ್ಲದ ಚಿತ್ರಪಟಗಳನ್ನು ನೆಲದ ಮೇಲೆ ಹರಡಲಾಗುತ್ತದೆ. ಒಂದರಲ್ಲಿ ರಕ್ತಸ್ರಾವ, ಇನ್ನೊಂದರಲ್ಲಿ ಉಸಿರಾಡಲು ಕಷ್ಟಪಡುತ್ತಿರುವ ಮಗು, ಮತ್ತೊಂದರಲ್ಲಿ ಜ್ವರ. ಪ್ರತಿಯೊಬ್ಬಳೂ ತನಗೆ ಮುಖ್ಯವೆಂದು ತೋರಿದ ಚಿತ್ರದ ಮೇಲೆ ಕಲ್ಲುಹರಳು ಇಡುತ್ತಾಳೆ. ಹೆಚ್ಚು ಹರಳು ಬಿದ್ದ ಸಮಸ್ಯೆಯ ಸುತ್ತ ಗುಂಪು ಕಥೆಯೊಂದನ್ನು ಕಟ್ಟುತ್ತದೆ. ಕಥೆಯಲ್ಲಿ ಬರುವವಳು ಕಲ್ಪಿತಳು. ಆಕೆಗೆ ಒದಗುವುದು ಮಾತ್ರ ಸಭೆಯಲ್ಲಿ ಕುಳಿತವರು ಕಂಡುಂಡದ್ದೇ. ಅನಂತರ ‘ಆದರೆ ಏಕೆ?’ ಎಂಬ ಆಟ. ಒಂದು ಉತ್ತರ ಬಂದೊಡನೆ ಅದರ ಮೇಲೆ ಮತ್ತೊಂದು ‘ಏಕೆ’ ಬೀಳುತ್ತದೆ. ಕಾರಣಗಳ ಸರಪಳಿ ಮುಗಿದ ಮೇಲೆ ತಮ್ಮಿಂದ ಆಗುವುದೆಷ್ಟು, ಇತರರಿಂದ ಆಗಬೇಕಾದದ್ದೆಷ್ಟು ಎಂದು ಗುಂಪು ವಿಂಗಡಿಸುತ್ತದೆ. ಬಳಿಕ ಊರಿನವರೆಲ್ಲರ ಸಭೆ ಕರೆದು ಅದೇ ಕಥೆಯನ್ನು ಅಭಿನಯಿಸಿ ತೋರಿಸಿ, ಉಪಾಯಗಳಿಗೆ ಎಲ್ಲರ ಒಪ್ಪಿಗೆ ಪಡೆಯಲಾಗುತ್ತದೆ. ಕೊನೆಗೆ, ಹೇಳಿದ್ದರಲ್ಲಿ ಎಷ್ಟು ನಡೆಯಿತು ಎಂಬ ಪರಿಶೀಲನೆ.

ಕುರ್ಲಾದ ಓಣಿಯೊಂದರಲ್ಲಿ ಇಂತಹ ಆಟ ನಡೆಯಿತೆಂದು ಭಾವಿಸಬಹುದು. ಕಥೆ ಹೀಗಿರುತ್ತದೆ: ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಎರಡು ವರ್ಷದ ಮಗು ಭೇದಿಯಿಂದ ಸೊರಗಿ, ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಮೀರಿತು. ಏಕೆ? ತಡವಾಗಿ ಕರೆದೊಯ್ದರು. ಏಕೆ? ತಂದೆ ಕೆಲಸಕ್ಕೆ ಹೋಗಿದ್ದ. ತಾಯಿಗೆ ದಾರಿಯೂ ಭಾಷೆಯೂ ಹೊಸತು. ಮಗುವಿಗೆ ಭೇದಿ ಬಂದದ್ದೇ ಏಕೆ? ಕುಡಿದ ನೀರು ಕೆಟ್ಟಿತ್ತು. ಏಕೆ ಕಾಯಿಸಲಿಲ್ಲ? ಸೀಮೆಎಣ್ಣೆ ಇಲ್ಲ, ಗ್ಯಾಸ್ ದುಬಾರಿ. ನೀರು ಕೆಟ್ಟದ್ದು ಏಕೆ? ಕೊಳವೆ ಚರಂಡಿಯೊಳಗೇ ಹಾದುಬಂದಿದೆ, ಅಲ್ಲಲ್ಲಿ ಒಡೆದಿದೆ. ಚರಂಡಿಯೊಳಗೆ ಏಕೆ ಹಾಕಿದರು? ಓಣಿಗೆ ಅಧಿಕೃತ ನಲ್ಲಿಯ ಸಂಪರ್ಕವಿಲ್ಲ. ದೂರದಿಂದ ಯಾರೋ ಎಳೆದು ಹಣಕ್ಕೆ ಕೊಟ್ಟದ್ದು. ಅಧಿಕೃತ ಸಂಪರ್ಕ ಏಕಿಲ್ಲ? ವಸತಿಯೇ ಅನಧಿಕೃತವೆಂದು ದಾಖಲೆಯಲ್ಲಿದೆ.

ಈ ಸರಪಳಿಯಲ್ಲಿ ಒಂದು ತಿರುವು ಇದೆ. ಮೊದಲ ಎರಡು ಪ್ರಶ್ನೆಗಳಿಗೇ ನಿಂತರೆ ತಪ್ಪು ತಾಯಿಯ ಮೇಲೆ ಬರುತ್ತದೆ; ಆಕೆಗೆ ಉಪದೇಶ ಮಾಡಿ, ಕಾಯಿಸಿದ ನೀರು, ಸಕ್ಕರೆ-ಉಪ್ಪಿನ ದ್ರಾವಣಗಳನ್ನು ಹೇಳಿಕೊಟ್ಟು ಮರಳಬಹುದು. ಉಪದೇಶ ವ್ಯರ್ಥವಲ್ಲ, ಅದರಿಂದ ಮಗು ಬದುಕಬಹುದು. ಆದರೆ ಪ್ರಶ್ನೆಯನ್ನು ಮುಂದುವರಿಸಿದಾಗ ಅದು ಅಡುಗೆಮನೆಯನ್ನು ದಾಟಿ ವಾರ್ಡ್ ಕಚೇರಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಗೆ ಒಬ್ಬಳೇ ಹೋದರೆ ಪ್ರಯೋಜನ ಕಡಿಮೆ. ಕಥನಕ್ಕೆ ಸಂಘಟನೆಯ ಅಗತ್ಯ ಬೀಳುವುದು ಆ ಬಾಗಿಲಿನಲ್ಲಿ.

ಹಳ್ಳಿಯಲ್ಲಿ ಫಲ ಕೊಟ್ಟ ಕ್ರಮ ಮಹಾನಗರದಲ್ಲಿಯೂ ಹಾಗೆಯೇ ಫಲ ಕೊಡುವುದೇ ಎಂಬುದನ್ನು ಮುಂಬಯಿಯಲ್ಲಿಯೇ ಪರೀಕ್ಷಿಸಲಾಯಿತು. ಸಯನ್ನಿನ ಲೋಕಮಾನ್ಯ ತಿಲಕ್ ಪುರಸಭಾ ಆಸ್ಪತ್ರೆಯ ನವಜಾತ ಶಿಶು ತಜ್ಞೆಯೂ ಡೀನ್ ಆಗಿದ್ದವರೂ ಆದ ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1999ರಲ್ಲಿ ‘ಸ್ನೇಹಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1989ರಲ್ಲಿ ಅದೇ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಎದೆಹಾಲು ನಿಧಿಯನ್ನು ಆರಂಭಿಸಿದವರೂ ಅವರೇ. ಸ್ನೇಹಾ ಸಂಸ್ಥೆಯು ಮಹಾನಗರಪಾಲಿಕೆಯ ಸಹಯೋಗದಲ್ಲಿ ಆರು ವಾರ್ಡುಗಳ 48 ಕೊಳೆಗೇರಿ ಪ್ರದೇಶಗಳನ್ನು ಆಯ್ದುಕೊಂಡು, 24ರಲ್ಲಿ ಮಹಿಳೆಯರ ಗುಂಪುಗಳನ್ನು ನಡೆಸಿ, ಉಳಿದ 24ರೊಂದಿಗೆ ಹೋಲಿಸಿತು. ಕುರ್ಲಾ ಅದರಲ್ಲಿ ಸೇರಿರಲಿಲ್ಲ. ಧಾರಾವಿ, ಗೋವಂಡಿಗಳನ್ನೊಳಗೊಂಡ ಸಮೀಪದ ವಾರ್ಡುಗಳು ಸೇರಿದ್ದವು. 2006ರಿಂದ 2009ರವರೆಗೆ ನಡೆದ ಈ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಗುಂಪುಗಳಿದ್ದ ಕಡೆ ಶಿಶು ಮರಣವು ಇಳಿದಿರಲಿಲ್ಲ. ಮಕ್ವಾನ್‌ಪುರದಲ್ಲಿ ಕಂಡದ್ದು ಮುಂಬಯಿಯಲ್ಲಿ ಕಾಣಲಿಲ್ಲ.

ಇಂತಹ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಉಪಕಾರವೇ ಸರಿ. ಯಶಸ್ಸಿನ ವರದಿಗಳಿಂದ ತಿಳಿಯದ ಸಂಗತಿಗಳು ಇದರಿಂದ ತಿಳಿದವು. ಮುಂಬಯಿಯಲ್ಲಿ ಬಹುಪಾಲು ಹೆರಿಗೆಗಳು ಆಗಲೇ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು. ಹಳ್ಳಿಯಲ್ಲಿ ಪ್ರಾಣ ಉಳಿಸಿದ ಡೋಲಿ, ಶುದ್ಧ ದಾರ, ಹೊಸ ಬ್ಲೇಡುಗಳ ಪ್ರಶ್ನೆ ಇಲ್ಲಿ ಅಷ್ಟಾಗಿ ಏಳುವುದಿಲ್ಲ. ಆಸ್ಪತ್ರೆಯೊಳಗೆ ದೊರೆಯುವ ಆರೈಕೆಯ ಗುಣಮಟ್ಟ, ಒಂದು ಹೆರಿಗೆ ಮನೆಯಿಂದ ಇನ್ನೊಂದು ದೊಡ್ಡ ಆಸ್ಪತ್ರೆಗೆ ಕಳುಹಿಸುವಾಗ ಕಳೆದುಹೋಗುವ ಗಳಿಗೆಗಳು, ಇವು ಗುಂಪಿನ ಕೈಗೆ ಸುಲಭವಾಗಿ ಎಟುಕುವ ವಿಷಯಗಳಲ್ಲ. ಜನರು ಮನೆ ಬದಲಿಸುತ್ತಲೇ ಇರುತ್ತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಮರಳುವ ವೇಳೆಗೆ ಬಾಡಿಗೆ ಕೋಣೆ ಬೇರೆಯವರ ಪಾಲಾಗಿರುತ್ತದೆ. ಇನ್ನೂ ಒಂದು ಮಾತು. ನಾಲ್ಕು ದೇಶಗಳಲ್ಲಿ ನಡೆದ ಇಂತಹ ಏಳು ಪ್ರಯೋಗಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಗರ್ಭಿಣಿಯರಲ್ಲಿ ಶೇಕಡಾ 30ಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಗುಂಪಿಗೆ ಬಂದ ಕಡೆಗಳಲ್ಲಿ ನವಜಾತ ಶಿಶು ಮರಣ ಮೂರನೆಯ ಒಂದು ಪಾಲಿನಷ್ಟು ಇಳಿದಿತ್ತು. ಮುಂಬಯಿಯಲ್ಲಿ ಬಂದವರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕ್ರಮವನ್ನು ಶಿಫಾರಸು ಮಾಡಿದಾಗ ಆರೋಗ್ಯ ಸೇವೆ ಸುಲಭವಾಗಿ ದೊರೆಯದ ಗ್ರಾಮೀಣ ಪ್ರದೇಶಗಳನ್ನೇ ವಿಶೇಷವಾಗಿ ಹೆಸರಿಸಿತು.

ಹಾಗಾದರೆ ನಗರದಲ್ಲಿ ಕಥನಕ್ಕೆ ಕೆಲಸವಿಲ್ಲವೇ? ಇದೆ, ಅದರ ಗುರಿ ಬೇರೆ. ನೀರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 2000ದ ಜನವರಿ 1ರ ನಂತರ ಎದ್ದ ಕೊಳೆಗೇರಿಗಳಿಗೆ ಮುಂಬಯಿಯಲ್ಲಿ ಅಧಿಕೃತ ನೀರಿನ ಸಂಪರ್ಕ ಕೊಡಲಾಗುತ್ತಿರಲಿಲ್ಲ. ‘ಪಾನಿ ಹಕ್ ಸಮಿತಿ’ ಎಂಬ ನಾಗರಿಕರ ಒಕ್ಕೂಟವು ಇಂತಹ ವಸತಿಗಳ ಜನರನ್ನು ಕೂಡಿಸಿತು. ದೂರದಿಂದ ಹೊತ್ತು ತರುವ ಕೊಡಗಳ, ಡ್ರಮ್ಮಿಗೆ ಕೊಡುವ ಬೆಲೆಯ, ಕೆಟ್ಟ ನೀರಿನಿಂದ ಬಂದ ಕಾಯಿಲೆಗಳ ಪ್ರಶ್ನೆಯನ್ನು ಮುಂಬಯಿ ಉಚ್ಚ ನ್ಯಾಯಾಲಯದ ಮುಂದಿಟ್ಟಿತು. 2014ರ ಡಿಸೆಂಬರಿನಲ್ಲಿ ನ್ಯಾಯಾಲಯವು ನೀರು ಪಡೆಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನ ಭಾಗವೆಂದೂ, ವಸತಿಯು ಕಾನೂನುಬಾಹಿರವೆಂಬ ಕಾರಣಕ್ಕೆ ನೀರನ್ನು ಪೂರ್ಣವಾಗಿ ನಿರಾಕರಿಸಲಾಗದೆಂದೂ ಹೇಳಿತು. ಹೆಚ್ಚಿನ ದರ ವಿಧಿಸಲು ಪಾಲಿಕೆಗೆ ಅವಕಾಶವಿದೆ, ಇತರರಂತೆ ಮನೆಮನೆಗೆ ನಲ್ಲಿ ಕೇಳುವ ಹಕ್ಕು ಇದರಿಂದ ಬರುವುದಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. 2022ರ ಮೇ ತಿಂಗಳಲ್ಲಿ ಪಾಲಿಕೆಯು ‘ಎಲ್ಲರಿಗೂ ನೀರು’ ಎಂಬ ನೀತಿಯನ್ನು ಜಾರಿಗೆ ತಂದಿತು. ತೀರ್ಪಿನಿಂದ ನೀತಿಗೆ ಏಳು ವರ್ಷಗಳಿಗೂ ಮೀರಿದ ದಾರಿ. ಅಷ್ಟು ಕಾಲ ಒಗ್ಗಟ್ಟನ್ನು ಕಾಪಾಡಿಕೊಳ್ಳುವುದೇ ಸಂಘಟನೆಯ ಕಠಿಣವಾದ ಭಾಗ. ಮೊದಲ ಸಭೆಗೆ ಜನ ಸೇರಿಸುವುದು ಅದರ ಮುಂದೆ ಹಗುರ.

ಇನ್ನೊಂದು ಉದಾಹರಣೆ ಹೆಂಗಸರು ಹೇಳಲು ಸಂಕೋಚಪಡುತ್ತಿದ್ದ ವಿಷಯಕ್ಕೆ ಸೇರಿದ್ದು. ಕುರ್ಲಾ ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಕೂಡುವ ನಿಲ್ದಾಣ. ಅಲ್ಲಿ ಗಾಡಿ ಬದಲಿಸಿ ಕೆಲಸಕ್ಕೆ ಹೋಗುವ ಹೆಂಗಸರೂ, ರಸ್ತೆಬದಿಯಲ್ಲಿ ತರಕಾರಿ ಮಾರುವವರೂ ದಿನವಿಡೀ ಹೊರಗೆ ಇರಬೇಕಾಗುತ್ತದೆ. ಮೂತ್ರಕ್ಕೆ ಹೋಗಲು ತಕ್ಕ ಜಾಗವಿಲ್ಲದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ತಡೆದುಕೊಳ್ಳುವುದರಿಂದ ಮೂತ್ರನಾಳದ ಸೋಂಕು ಬರುತ್ತದೆ. ಗರ್ಭಿಣಿಯರಲ್ಲಿ ಈ ಸೋಂಕು ಅಕಾಲ ಪ್ರಸವಕ್ಕೂ ಕಾರಣವಾಗಬಲ್ಲದು. ಚೆಂಬೂರಿನಲ್ಲಿ 1989ರಿಂದ ಸಾಕ್ಷರತೆಯ ಕೆಲಸದಿಂದ ಬೆಳೆದುಬಂದ ‘ಕೋರೋ’ ಸಂಸ್ಥೆಯ ವಸತಿ ಮಟ್ಟದ ಕಾರ್ಯಕರ್ತೆಯರು 2011ರಲ್ಲಿ ಇತರ ಸಂಸ್ಥೆಗಳೊಡನೆ ಸೇರಿ ‘ರೈಟ್ ಟು ಪೀ’ ಎಂಬ ಆಂದೋಲನವನ್ನು ಆರಂಭಿಸಿದರು. ಅವರು ಅನುಭವವನ್ನು ಹೇಳಿ ಬಿಡಲಿಲ್ಲ, ಎಣಿಸಿದರು. ಸಾರ್ವಜನಿಕ ಶೌಚಾಲಯಗಳನ್ನು ಒಂದೊಂದಾಗಿ ನೋಡಿ ಬಂದರು, ಮಾಹಿತಿ ಹಕ್ಕಿನಡಿ ಅಂಕಿ ಅಂಶ ಪಡೆದರು, ಸಹಿ ಸಂಗ್ರಹಿಸಿದರು. ಪುರುಷರು ಮೂತ್ರ ವಿಸರ್ಜನೆಗೆ ಹಣ ಕೊಡಬೇಕಾಗಿರಲಿಲ್ಲ, ಮಹಿಳೆಯರು ಕೊಡಬೇಕಾಗಿತ್ತು. ಪ್ರತಿಯೊಬ್ಬಳೂ ತನ್ನ ಪಾಡು ಎಂದುಕೊಂಡಿದ್ದ ಈ ಸಂಗತಿ ಇಡೀ ನಗರದ ವ್ಯವಸ್ಥೆಯೇ ಹಾಗಿದೆಯೆಂದು ಎಣಿಕೆಯ ನಂತರ ತಿಳಿಯಿತು. ಆಂದೋಲನದ ಮುಂದಾಳುಗಳಲ್ಲಿ ಒಬ್ಬರಾದ ಮುಮ್ತಾಜ್ ಶೇಖ್ ಅವರ ಹೆಸರು 2015ರಲ್ಲಿ ಬಿ.ಬಿ.ಸಿ.ಯ ನೂರು ಮಹಿಳೆಯರ ಪಟ್ಟಿಯಲ್ಲಿ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಪುಣೆಯ ‘ಮಿಳೂನ್ ಸಾರ್ಯಾಜಣಿ’ ಎಂಬ ಮಹಿಳಾ ಪತ್ರಿಕೆಯ ಸಂಸ್ಥೆ ಸಲ್ಲಿಸಿದ ಅರ್ಜಿಯ ಮೇಲೆ ಉಚ್ಚ ನ್ಯಾಯಾಲಯವು ಮಹಾರಾಷ್ಟ್ರದ ನಗರಪಾಲಿಕೆಗಳು ಮಹಿಳೆಯರಿಗೆ ಶುಚಿಯಾದ, ಸುರಕ್ಷಿತವಾದ ಶೌಚಾಲಯಗಳನ್ನು ಒದಗಿಸಬೇಕೆಂದು ನಿರ್ದೇಶಿಸಿತು.

ಕಥನವನ್ನು ಸರಕಾರದ ವ್ಯವಸ್ಥೆಯೊಳಗೇ ತರುವ ಪ್ರಯತ್ನವೂ ನಡೆದಿದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2007ರಲ್ಲಿ ಒಂಬತ್ತು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಸಮುದಾಯ ಆಧಾರಿತ ಮೇಲ್ವಿಚಾರಣೆ ಆರಂಭವಾಯಿತು. ಕರ್ನಾಟಕ, ಮಹಾರಾಷ್ಟ್ರಗಳೆರಡೂ ಅವುಗಳಲ್ಲಿ ಸೇರಿದ್ದವು. ಗ್ರಾಮಸ್ಥರು ತಮ್ಮ ಊರಿನ ಆರೋಗ್ಯ ಸೇವೆಗೆ ಹಸಿರು, ಹಳದಿ, ಕೆಂಪು ಬಣ್ಣಗಳ ಪ್ರಗತಿ ಪತ್ರ ತುಂಬಿದರು. ಬಳಿಕ ಬಹಿರಂಗ ಸಭೆಯಲ್ಲಿ ಅಧಿಕಾರಿಗಳ ಎದುರು ಅನುಭವಗಳನ್ನು ಹೇಳಿದರು. ಕೆಂಪು ಬಣ್ಣದ ಹಿಂದೆ ಇರುವ ಒಬ್ಬ ಬಾಣಂತಿಯ ಕಥೆಗೂ, ಆ ಕಥೆಯ ಹಿಂದೆ ಇರುವ ಕೆಂಪು ಬಣ್ಣದ ಪಟ್ಟಿಗೂ ಪರಸ್ಪರ ಆಧಾರ ದೊರೆಯಿತು.

ಕಥೆ ಹೇಳಿಸುವುದರಲ್ಲಿ ಅಪಾಯವೂ ಉಂಟು. ಕ್ಷಯ, ಏಚ್.ಐ.ವಿ.ಯಂತಹ ಕಾಯಿಲೆಗಳ ವಿಷಯದಲ್ಲಿ ಒಮ್ಮೆ ಬಾಯಿಂದ ಹೊರಬಿದ್ದ ಮಾತು ಓಣಿಯಲ್ಲಿ ಸುತ್ತಿ, ಮಗಳ ಮದುವೆಗೋ ಮನೆಯ ಬಾಡಿಗೆಗೋ ಅಡ್ಡ ಬರಬಹುದು. ಹತ್ತಡಿ ಅಗಲದ ಕೋಣೆಗಳಲ್ಲಿ ಗುಟ್ಟು ಉಳಿಯುವುದೇ ಕಷ್ಟ. ಆದ್ದರಿಂದಲೇ ಗುಂಪಿನಲ್ಲಿ ಕಲ್ಪಿತ ಹೆಸರಿನ ಕಥೆಗೆ ಅಷ್ಟು ಬೆಲೆ. ಅನುಭವ ಹೊರಬರುತ್ತದೆ, ಅನುಭವಿಸಿದವರು ಮರೆಯಲ್ಲಿಯೇ ಇರುತ್ತಾರೆ. ಸ್ವಂತ ಹೆಸರಿನಲ್ಲಿ ಹೇಳಲು ಇಚ್ಛೆಪಟ್ಟವರ ಮಾತಿಗೆ ಬೇರೊಂದು ಬಲವಿದೆ. ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಗುಣ ಹೊಂದಿದವರನ್ನು ‘ಟಿ.ಬಿ. ಚಾಂಪಿಯನ್’ ಎಂದು ತರಬೇತುಗೊಳಿಸಲಾಗುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿ ಬೇಸತ್ತವನಿಗೆ, ಅದೇ ದಾರಿಯನ್ನು ನಡೆದು ಮುಗಿಸಿದವಳ ಮಾತು ಹಿಡಿಸಿದಷ್ಟು ಭಿತ್ತಿಪತ್ರ ಹಿಡಿಸದು. ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ನೇರವಾಗಿ ಸೇರುವ ಪೋಷಣೆ ನೆರವು 2018ರ ಏಪ್ರಿಲಿನಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾಗಿ, 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿದೆ. ಈ ಹಣದ ಸುದ್ದಿಯೂ ಹೆಚ್ಚಾಗಿ ಹರಡುವುದು ಬಾಯಿಂದ ಬಾಯಿಗೆ.

ಕುರ್ಲಾದಂತಹ ಕಡೆ ಭಾಷೆಯ ಪ್ರಶ್ನೆ ಬೇರೆಯೇ ಇದೆ. ಮುಂಬಯಿ ಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆಂಬುದು ಆ ನಗರದ ಹೆಮ್ಮೆ; ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಡೆಯುವುದು ಮರಾಠಿ, ಹಿಂದಿ. ಉತ್ತರ ಕರ್ನಾಟಕದಿಂದ ಹೊಸದಾಗಿ ಬಂದ ಕೂಲಿಕಾರ್ತಿ ಹೊಟ್ಟೆಯಲ್ಲಿ ‘ಕಳಮಳ’ ಎಂದರೆ ಅದನ್ನು ಅನುವಾದಿಸುವವರು ಬೇಕು. ಅಕ್ಷರಗಳಿಲ್ಲದ ಚಿತ್ರಪಟ ಈ ತೊಡಕನ್ನು ಅರ್ಧ ಬಿಡಿಸುತ್ತದೆ. ಉಳಿದರ್ಧಕ್ಕೆ ಅದೇ ಓಣಿಯಲ್ಲಿ ಹತ್ತಾರು ವರ್ಷ ಬಾಳಿ ನಾಲ್ಕು ಭಾಷೆ ಕಲಿತ ನೆರೆಯಾಕೆಯೇ ದಿಕ್ಕು. ಮನೆಮನೆಗೆ ಹೋಗುವ ಪಾಲಿಕೆಯ ಆರೋಗ್ಯ ಸ್ವಯಂಸೇವಿಕೆಯರು ಅನೇಕ ಕಡೆ ಇಂತಹವರೇ.

2013ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನವು ಇಂತಹ ನೆರೆಯವರನ್ನು ಕೂಡಿಸಲು ‘ಮಹಿಳಾ ಆರೋಗ್ಯ ಸಮಿತಿ’ ಎಂಬ ಚೌಕಟ್ಟನ್ನು ಒದಗಿಸಿದೆ. 50ರಿಂದ 100 ಮನೆಗಳಿಗೆ ಒಂದು ಸಮಿತಿ. ವರ್ಷಕ್ಕೆ 5,000 ರೂಪಾಯಿಗಳ ಮುಕ್ತ ನಿಧಿ. ಇದನ್ನು ಓಣಿಯ ಶುಚಿತ್ವ, ಸಭೆ, ತುರ್ತು ಸಂದರ್ಭದ ಸಾಗಾಟ ಮೊದಲಾದವುಗಳಿಗೆ ಸಮಿತಿಯೇ ನಿರ್ಧರಿಸಿ ಬಳಸಬಹುದು. ಮೊತ್ತ ಚಿಕ್ಕದು, ಕೊಳವೆ ಬದಲಿಸಲು ಸಾಲದು. ಆದರೆ ಚರಂಡಿಯೊಳಗಿನ ಕೊಳವೆಯ ಬಗ್ಗೆ ಅರ್ಜಿ ಬರೆಸಿ, ಅದರ ಪ್ರತಿಗಳನ್ನು ತೆಗೆದು, ನಾಲ್ಕು ಜನ ವಾರ್ಡ್ ಕಚೇರಿಗೆ ಹೋಗಿಬರುವುದಕ್ಕೆ ಸಾಕು. ಅಲ್ಲಿಯೂ ಉತ್ತರ ಬಾರದಿದ್ದಾಗ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಮಾಹಿತಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರು ಶುಲ್ಕ ಕೊಡಬೇಕಾಗಿಲ್ಲ. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದುದನ್ನು ಬರಹಕ್ಕೆ ಇಳಿಸಲು ಕಚೇರಿಯ ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಅಧಿನಿಯಮದ 6ನೆಯ ಪ್ರಕರಣವು ವಿಧಿಸಿದೆ.